ಕೊನ್ಸೆಲ್ಯು ಎಂದರೇನು? ಕಾಸ್ತೆಲೊ ದೆ ವೀದೆಯನ್ನು ಮುಂದಿಟ್ಟುಕೊಂಡು ಒಂದು ವಿವರಣೆ

ಕಾರವಾರದಿಂದ ಉತ್ತರಕ್ಕೆ ಹೊರಟು ಗೋವಾ ಗಡಿ ದಾಟಿದೊಡನೆ ಸಿಗುವ ಕಾಣಕೋಣವನ್ನು ಇಂದು ಎಲ್ಲರೂ ತಾಲ್ಲೂಕು ಎಂದೇ ಕರೆಯುತ್ತಾರೆ. ಆದರೆ 1961ರ ಡಿಸೆಂಬರಿನವರೆಗೆ, ಎಂದರೆ ಪೋರ್ಚುಗೀಸರ ಆಡಳಿತ ಕೊನೆಗೊಳ್ಳುವವರೆಗೆ, ಅದು ಒಂದು 'ಕೊನ್ಸೆಲ್ಯು' ಆಗಿತ್ತು. ಬಾರ್ದೇಸ, ಸಾಲಸೇಟ್, ಫೋಂಡಾ, ಪೇಡಣೆ ಮೊದಲಾದ ಗೋವಾದ ತಾಲ್ಲೂಕುಗಳೂ ಹಾಗೆಯೇ. ಪೋರ್ಚುಗಲ್ಲಿನ ಊರುಗಳ ಬಗ್ಗೆ ಓದುವಾಗ ಪದೇ ಪದೇ ಎದುರಾಗುವ ಈ ಪದವನ್ನು ಇಂಗ್ಲಿಷಿನಲ್ಲಿ ಮುನಿಸಿಪಾಲಿಟಿ ಎಂದು ಅನುವಾದಿಸುತ್ತಾರೆ. ನಾವು ಅದನ್ನೇ ಹಿಡಿದು ಪುರಸಭೆ ಎಂದೋ ನಗರಸಭೆ ಎಂದೋ ಅರ್ಥ ಮಾಡಿಕೊಂಡು ಗೊಂದಲಕ್ಕೆ ಬೀಳುತ್ತೇವೆ. ಮೂರು ಸಾವಿರ ಜನರಿರುವ 'ಪುರಸಭೆ'ಗೆ ಇನ್ನೂರ ಅರವತ್ತೈದು ಚದರ ಕಿಲೋಮೀಟರ್ ವಿಸ್ತೀರ್ಣ ಹೇಗೆ ಬಂತು, ಅದರೊಳಗೆ ಬೆಟ್ಟ, ಕುರಿ ಮೇಯುವ ಬಯಲು, ಅಣೆಕಟ್ಟು ಎಲ್ಲವೂ ಹೇಗೆ ಸೇರಿದವು ಎಂಬ ಪ್ರಶ್ನೆ ಹುಟ್ಟುವುದು ಈ ಅನುವಾದದಿಂದಲೇ.

ಆದ್ದರಿಂದ ಒಂದೇ ಒಂದು ಕೊನ್ಸೆಲ್ಯುವನ್ನು ತೆಗೆದುಕೊಂಡು, ಅದು ಏನು, ಯಾರು ಅದನ್ನು ಆಳುತ್ತಾರೆ, ಹಣ ಎಲ್ಲಿಂದ ಬರುತ್ತದೆ, ಈ ರೂಪ ಅದಕ್ಕೆ ಹೇಗೆ ಬಂತು ಎಂಬುದನ್ನು ನೋಡುವುದು ಒಳ್ಳೆಯದು. ನಾನು ಆರಿಸಿಕೊಂಡಿರುವುದು ಸ್ಪೇನಿನ ಗಡಿಗೆ ಅಂಟಿಕೊಂಡಿರುವ ಕಾಸ್ತೆಲೊ ದೆ ವೀದೆ. ಅಲ್ಲಿಯವರ ಬಾಯಲ್ಲಿ ಅದು 'ಕಷ್ತೆಲು ದ್ ವೀದ್' ಎಂದು ಕೇಳಿಸುತ್ತದೆ. ಕಾಸ್ತೆಲೊ ಎಂದರೆ ಕೋಟೆ, ವೀದೆ ಎಂದರೆ ದ್ರಾಕ್ಷಿಬಳ್ಳಿ. ಪೋರ್ಚುಗಲ್ಲಿನಲ್ಲಿ ಇದಕ್ಕಿಂತ ಹೆಸರುವಾಸಿಯಾದ ಕೊನ್ಸೆಲ್ಯುಗಳು ಬೇಕಾದಷ್ಟಿವೆ. ಇದನ್ನೇ ಆರಿಸಲು ಕಾರಣವೆಂದರೆ, ಕೊನ್ಸೆಲ್ಯು ಎಂಬ ವ್ಯವಸ್ಥೆಯನ್ನು ಕಾಗದದ ಮೇಲೆ ಹೊಸದಾಗಿ ಬರೆದ ಮಂತ್ರಿಯೂ, ಆ ವ್ಯವಸ್ಥೆ ಮತದಾರರ ಕೈಗೆ ಬರಲು ಕಾರಣವಾದ ಸೈನಿಕನೂ ಇದೇ ಊರಿನಲ್ಲಿ ಹುಟ್ಟಿದವರು. ಮೂರನೆಯವನೊಬ್ಬನಿದ್ದಾನೆ, ಅವನು ಗೋವೆಗೆ ಬಂದು ನಮ್ಮ ಸೀಮೆಯ ಗಿಡಮೂಲಿಕೆಗಳ ಬಗ್ಗೆ ಬರೆದ.

ಮೊದಲು ನೆಲದ ವಿಷಯ. ತೇಜೊ ನದಿಯ ದಕ್ಷಿಣಕ್ಕೆ ಹರಡಿರುವ ಅಲೆಂತೆಜು ಪ್ರಾಂತವೆಂದರೆ ಸಾಮಾನ್ಯವಾಗಿ ಒಣ ಬಯಲು, ಬೆಂಡಿನ ಮರ, ಆಲಿವ್ ಮರ, ಬೇಸಗೆಯ ಉರಿಬಿಸಿಲು. ಆದರೆ ಅದರ ಈಶಾನ್ಯ ಮೂಲೆಯಲ್ಲಿ ಸಾವಿರ ಮೀಟರಿಗಿಂತ ತುಸು ಎತ್ತರಕ್ಕೆ ಏಳುವ ಸಾವ್ ಮಾಮೆದೆ ಬೆಟ್ಟಸಾಲು ಮೋಡವನ್ನು ತಡೆದು ಮಳೆ ಸುರಿಸುತ್ತದೆ; ಹಾಗಾಗಿ ಇಲ್ಲಿ ಚೆಸ್ಟ್‌ನಟ್ ಮರಗಳೂ ವರ್ಷವಿಡೀ ಬತ್ತದ ಒರತೆಗಳೂ ಇವೆ. ಕಾಸ್ತೆಲೊ ದೆ ವೀದೆ ಈ ಸಾಲಿನ ವಾಯವ್ಯ ಅಂಚಿನ ಗುಡ್ಡದ ಮೇಲಿದೆ. ಕೊನ್ಸೆಲ್ಯುವಿನ ದಕ್ಷಿಣ ಭಾಗ ಬೆಟ್ಟ ಮತ್ತು ಹಸಿರು. ಉತ್ತರಕ್ಕೆ ಇಳಿದಂತೆ ಗ್ರಾನೈಟ್ ಬಂಡೆಗಳ ನಡುವೆ ಕುರಿ ಮೇಯುವ ಬಯಲು. ಪೂರ್ವಕ್ಕೆ ಸೆವೆರ್ ನದಿ, ಅದರಾಚೆ ಸ್ಪೇನ್. ಆ ಬಯಲಿನಲ್ಲೇ ಮೆಯಾದಾ ಎಂಬಲ್ಲಿ ಏಳು ಮೀಟರಿಗಿಂತ ಎತ್ತರದ, ಐಬೀರಿಯಾದಲ್ಲೇ ಅತಿ ದೊಡ್ಡದೆನ್ನುವ, ಮನುಷ್ಯರು ಇತಿಹಾಸಪೂರ್ವ ಕಾಲದಲ್ಲಿ ನೆಟ್ಟ ನಿಲಸುಗಲ್ಲೊಂದಿದೆ. ಅದು ಮುರಿದು ಎರಡಾಗಿ ಬಿದ್ದಿತ್ತು. 1993ರಲ್ಲಿ ತುಂಡುಗಳನ್ನು ಸೇರಿಸಿ ಮತ್ತೆ ನಿಲ್ಲಿಸಿದರು.

ಇಷ್ಟೆಲ್ಲ ಸೇರಿ ಒಂದು ಕೊನ್ಸೆಲ್ಯು. ಇಲ್ಲಿಯೇ ಮೊದಲ ಗೊಂದಲ ಬಗೆಹರಿಯುತ್ತದೆ. ಕರ್ನಾಟಕದಲ್ಲಿ ಪಟ್ಟಣಕ್ಕೆ ಒಂದು ಸಂಸ್ಥೆ, ಸುತ್ತಲಿನ ಹಳ್ಳಿಗಳಿಗೆ ಇನ್ನೊಂದು ಸಂಸ್ಥೆ, ಎರಡನ್ನೂ ಒಳಗೊಂಡ ತಾಲ್ಲೂಕಿಗೆ ತಹಶೀಲ್ದಾರರ ಕಚೇರಿ ಎಂದು ಆಡಳಿತ ಹಂಚಿಹೋಗಿದೆ. ಪೋರ್ಚುಗಲ್ಲಿನಲ್ಲಿ ಹಾಗಿಲ್ಲ. ಪಟ್ಟಣವೂ ಅದರ ಸುತ್ತಲಿನ ಹಳ್ಳಿ, ಹೊಲ, ಕಾಡೂ ಒಂದೇ ಚುನಾಯಿತ ಸಂಸ್ಥೆಯ ಕೈಯಲ್ಲಿವೆ. ಇಡೀ ದೇಶವನ್ನು 308 ಕೊನ್ಸೆಲ್ಯುಗಳಾಗಿ ಭಾಗ ಮಾಡಲಾಗಿದೆ: ಮುಖ್ಯಭೂಮಿಯಲ್ಲಿ 278, ಅಸೋರೆಸ್ ದ್ವೀಪಗಳಲ್ಲಿ 19, ಮದೀರಾದಲ್ಲಿ 11. ಇವುಗಳಲ್ಲಿ ಯಾವುದಕ್ಕೂ ಸೇರದ ಒಂದು ಅಂಗುಲ ನೆಲವೂ ಇಲ್ಲ. ತಾಲ್ಲೂಕಿನ ಮೈ, ಪುರಸಭೆಯ ಅಧಿಕಾರ ಎಂದರೆ ನಿಜಕ್ಕೆ ಹತ್ತಿರವಾಗಬಹುದು.

ಎರಡನೆಯ ಗೊಂದಲ ವೀಲಾ ಮತ್ತು ಸಿದಾದೆ ಎಂಬ ಬಿರುದುಗಳದು. ಕಾಸ್ತೆಲೊ ದೆ ವೀದೆ ಒಂದು 'ವೀಲಾ', ಅಂದರೆ ಪಟ್ಟಣ. ದಕ್ಷಿಣದ ನೆರೆಯ ಪೋರ್ತಾಲೆಗ್ರೆ 'ಸಿದಾದೆ', ಅಂದರೆ ನಗರ. ನಮ್ಮಲ್ಲಿ ಪಟ್ಟಣ ಪಂಚಾಯಿತಿ ಪುರಸಭೆಯಾಗಿ ಮೇಲ್ದರ್ಜೆಗೇರಿದರೆ ಸದಸ್ಯರ ಸಂಖ್ಯೆ, ಅನುದಾನ ಎಲ್ಲವೂ ಬದಲಾಗುತ್ತವೆ. ಅಲ್ಲಿ ಈ ಬಿರುದುಗಳು ಊರಿನ ಪ್ರತಿಷ್ಠೆಗೆ ಸಂಬಂಧಿಸಿದವು, ಅಷ್ಟೆ; ಕೊನ್ಸೆಲ್ಯುವಿನ ಅಧಿಕಾರ ಅದರ ಕೇಂದ್ರಸ್ಥಾನ ವೀಲಾವೋ ಸಿದಾದೆಯೋ ಎಂಬುದರಿಂದ ಹೆಚ್ಚುವುದೂ ಇಲ್ಲ, ತಗ್ಗುವುದೂ ಇಲ್ಲ. ಲಿಸ್ಬನ್ ಕೂಡ ಕಾನೂನಿನ ಕಣ್ಣಿನಲ್ಲಿ ಒಂದು ಕೊನ್ಸೆಲ್ಯು, ಮೂರು ಸಾವಿರ ಜನರ ಕಾಸ್ತೆಲೊ ದೆ ವೀದೆಯೂ ಒಂದು ಕೊನ್ಸೆಲ್ಯು.

ಕೊನ್ಸೆಲ್ಯುವಿನ ಕೆಳಗೆ 'ಫ್ರೆಗೆಜಿಯಾ' ಎಂಬ ಇನ್ನೊಂದು ಹಂತವಿದೆ. ಚರ್ಚಿನ ಮಕ್ಕಳು ಎಂಬ ಅರ್ಥದ ಲ್ಯಾಟಿನ್ ಪದಗಳಿಂದ ಬಂದ ಈ ಹೆಸರು ಮೂಲತಃ ಒಂದು ಚರ್ಚಿಗೆ ನಡೆದುಕೊಳ್ಳುವ ಒಕ್ಕಲುಗಳ ಸೀಮೆಯನ್ನು ಸೂಚಿಸುತ್ತಿತ್ತು. ಈಗ ಅದು ಪೂರ್ತಿಯಾಗಿ ಸರ್ಕಾರದ ಆಡಳಿತ ಘಟಕ, ನಮ್ಮ ಗ್ರಾಮ ಪಂಚಾಯಿತಿಯಂಥದು. ಕಾಸ್ತೆಲೊ ದೆ ವೀದೆಯಲ್ಲಿ ನಾಲ್ಕು ಫ್ರೆಗೆಜಿಯಾಗಳಿವೆ: ಸಾಂತಾ ಮರಿಯಾ ದಾ ದೆವೆಜಾ, ಸಾಂತಿಯಾಗೊ ಮಾಯೋರ್, ಸಾವ್ ಜುವಾವ್ ಬಾತಿಷ್ತಾ, ಮತ್ತು ನೋಸಾ ಸೆನ್ಯೋರಾ ದಾ ಗ್ರಾಸಾ ದೆ ಪೋವುವಾ ಇ ಮೆಯಾದಾಸ್. ಇಷ್ಟು ಉದ್ದದ ಕೊನೆಯ ಹೆಸರನ್ನು ಯಾರೂ ಪೂರ್ತಿ ಹೇಳುವುದಿಲ್ಲ. ಪೋವುವಾ ಇ ಮೆಯಾದಾಸ್ ಎಂದರೆ ಸಾಕು. ಹೆಸರುಗಳೆಲ್ಲ ದೇವಮಾತೆಯವೂ ಸಂತರವೂ ಆಗಿರುವುದು ಹಳೆಯ ಚರ್ಚ್ ಸೀಮೆಗಳ ಗುರುತು. ಮೊದಲ ಮೂರು ಪಟ್ಟಣದಲ್ಲೇ ಒಂದಕ್ಕೊಂದು ತಾಗಿಕೊಂಡಿವೆ. ನಾಲ್ಕನೆಯದು ಉತ್ತರದ ಬಯಲಿನಲ್ಲಿ ದೂರವಿರುವ ಹಳ್ಳಿ, ಹಿಂದೊಮ್ಮೆ ತಾನೇ ಒಂದು ಪುಟ್ಟ ಕೊನ್ಸೆಲ್ಯು ಆಗಿದ್ದದ್ದು. 2013ರಲ್ಲಿ ಸರ್ಕಾರ ಖರ್ಚು ಕಡಿತದ ಹೆಸರಿನಲ್ಲಿ ದೇಶದ ನಾಲ್ಕು ಸಾವಿರಕ್ಕೂ ಹೆಚ್ಚು ಫ್ರೆಗೆಜಿಯಾಗಳನ್ನು ಒಂದರೊಳಗೊಂದು ಸೇರಿಸಿ 3,092ಕ್ಕೆ ಇಳಿಸಿದಾಗಲೂ ಇಲ್ಲಿನ ನಾಲ್ಕೂ ಉಳಿದುಕೊಂಡವು.

ಈಗ ಆಳುವವರ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು, ಏಕೆಂದರೆ ನಮಗೆ ಪರಿಚಯವಿರುವ ಯಾವ ವ್ಯವಸ್ಥೆಯೂ ಹೀಗಿಲ್ಲ.

ಕೊನ್ಸೆಲ್ಯುವಿನಲ್ಲಿ ಎರಡು ಚುನಾಯಿತ ಸಂಸ್ಥೆಗಳಿವೆ. ದಿನನಿತ್ಯದ ಆಡಳಿತ ನಡೆಸುವುದು 'ಕಾಮರ ಮುನಿಸಿಪಾಲ್'. ಅದರ ಮೇಲೆ ಕಣ್ಣಿಡುವ, ಬಜೆಟ್ಟಿಗೆ ಒಪ್ಪಿಗೆ ಕೊಡುವ ಸಭೆ 'ಅಸೆಂಬ್ಲೆಯಾ ಮುನಿಸಿಪಾಲ್'. ಕಾಮರ ಎಂದರೆ ಕೋಣೆ. ಹಿಂದಿಯ ಕಮರಾ ಬಂದದ್ದು ಇದೇ ಪೋರ್ಚುಗೀಸ್ ಪದದಿಂದ, ಮೇಜು, ಚಾವಿ, ಪಾದ್ರಿ ನಮ್ಮಲ್ಲಿಗೆ ಬಂದಂತೆ. ನಾಲ್ಕು ವರ್ಷಕ್ಕೊಮ್ಮೆ ದೇಶದ ಎಲ್ಲ ಕೊನ್ಸೆಲ್ಯುಗಳಿಗೂ ಒಂದೇ ದಿನ ಚುನಾವಣೆ. ಇತ್ತೀಚಿನದು 2025ರ ಅಕ್ಟೋಬರ್ 12ರಂದು ನಡೆಯಿತು. ಮತದಾರನ ಕೈಗೆ ಮೂರು ಮತಪತ್ರ ಸಿಗುತ್ತವೆ: ಕಾಮರಕ್ಕೆ ಒಂದು, ಅಸೆಂಬ್ಲೆಯಾಕ್ಕೆ ಒಂದು, ತನ್ನ ಫ್ರೆಗೆಜಿಯಾಕ್ಕೆ ಒಂದು. ವಾರ್ಡುಗಳೆಂಬುದಿಲ್ಲ. ಮತ ಬೀಳುವುದು ಒಬ್ಬ ವ್ಯಕ್ತಿಗಲ್ಲ, ಪಟ್ಟಿಗೆ. ಅತಿ ಹೆಚ್ಚು ಮತ ಪಡೆದ ಪಟ್ಟಿಯಲ್ಲಿ ಮೊದಲ ಹೆಸರು ಯಾರದೋ ಅವರೇ ಕಾಮರದ ಅಧ್ಯಕ್ಷರು. ಸದಸ್ಯರನ್ನು ರೆಸಾರ್ಟಿಗೆ ಕರೆದೊಯ್ದು ಅಧ್ಯಕ್ಷರನ್ನು ಆರಿಸುವ ಪ್ರಸಂಗವೇ ಅಲ್ಲಿಲ್ಲ.

ಕಾಮರದ ಸದಸ್ಯರನ್ನು 'ವೆರೆಯಾದೋರ್' ಎನ್ನುತ್ತಾರೆ. ಇವರ ಸಂಖ್ಯೆ ಮತದಾರರ ಸಂಖ್ಯೆಯನ್ನು ಅವಲಂಬಿಸಿದೆ: ಲಿಸ್ಬನ್ನಿನಲ್ಲಿ 16, ಪೋರ್ತುವಿನಲ್ಲಿ 12, ಹತ್ತು ಸಾವಿರ ಅಥವಾ ಅದಕ್ಕಿಂತ ಕಡಿಮೆ ಮತದಾರರಿರುವಲ್ಲಿ 4. ಅಧ್ಯಕ್ಷರನ್ನು ಸೇರಿಸಿದರೆ ಕಾಸ್ತೆಲೊ ದೆ ವೀದೆಯ ಕಾಮರ ಐದು ಜನರದು. ಈ ಐದು ಸ್ಥಾನಗಳನ್ನು ಹಂಚುವ ಲೆಕ್ಕವೇ ಇಡೀ ವ್ಯವಸ್ಥೆಯ ತಿರುಳು. ಪ್ರತಿ ಪಟ್ಟಿಯ ಮತಗಳನ್ನು ಒಂದರಿಂದ, ಎರಡರಿಂದ, ಮೂರರಿಂದ, ಹೀಗೆ ಭಾಗಿಸುತ್ತಾ ಹೋಗಿ, ಬರುವ ಎಲ್ಲ ಭಾಗಲಬ್ಧಗಳಲ್ಲಿ ಅತಿ ದೊಡ್ಡ ಐದನ್ನು ಆರಿಸುತ್ತಾರೆ. ಇದಕ್ಕೆ ಡೋಂಟ್ ಪದ್ಧತಿ ಎಂದು ಹೆಸರು.

ಊಹೆಯ ಅಂಕಿಗಳನ್ನಿಟ್ಟುಕೊಂಡು ನೋಡೋಣ. ಮೊದಲ ಪಟ್ಟಿಗೆ 1,000, ಎರಡನೆಯದಕ್ಕೆ 700, ಮೂರನೆಯದಕ್ಕೆ 200 ಮತ ಬಿದ್ದಿವೆ ಎನ್ನಿ. ಮೊದಲ ಪಟ್ಟಿಯ ಭಾಗಲಬ್ಧಗಳು 1,000, 500, 333, ಎರಡನೆಯದರವು 700, 350, 233, ಮೂರನೆಯದರದು 200. ದೊಡ್ಡ ಐದು ಸಂಖ್ಯೆಗಳೆಂದರೆ 1,000, 700, 500, 350, 333. ಹೀಗಾಗಿ ಮೊದಲ ಪಟ್ಟಿಗೆ ಮೂರು ಸ್ಥಾನ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಸೊನ್ನೆ. ಈಗ ಮೂರನೆಯ ಪಟ್ಟಿಯ ಮತವನ್ನು ಮಾತ್ರ 400ಕ್ಕೆ ಏರಿಸಿ ನೋಡಿದರೆ ದೊಡ್ಡ ಐದು ಸಂಖ್ಯೆಗಳು 1,000, 700, 500, 400, 350 ಆಗುತ್ತವೆ: ಎರಡು, ಎರಡು, ಒಂದು. ಮೊದಲ ಪಟ್ಟಿಯ ನಾಯಕರೇ ಆಗಲೂ ಅಧ್ಯಕ್ಷರು, ಆದರೆ ಐವರ ಕಾಮರದಲ್ಲಿ ಅವರ ಕಡೆಯವರು ಇಬ್ಬರೇ. ಪ್ರತಿ ನಿರ್ಣಯಕ್ಕೂ ಎದುರು ಪಟ್ಟಿಯ ಒಬ್ಬರನ್ನಾದರೂ ಒಲಿಸಿಕೊಳ್ಳಬೇಕು.

ಎರಡೂ ಸಂದರ್ಭಗಳಲ್ಲಿ ಗಮನಿಸಬೇಕಾದದ್ದು, ಸೋತ ಪಟ್ಟಿಯವರು ಸಭಾಂಗಣದ ಎದುರು ಬೆಂಚಿನಲ್ಲಿ ಕೂರುವುದಿಲ್ಲ. ಆಡಳಿತ ನಡೆಸುವ ಅದೇ ಮೇಜಿನ ಸುತ್ತ ಕೂರುತ್ತಾರೆ. ಮುಖ್ಯಮಂತ್ರಿಯ ಸಂಪುಟದಲ್ಲಿ ವಿರೋಧ ಪಕ್ಷದ ಮಂತ್ರಿಗಳೂ ಇದ್ದರೆ ಹೇಗಿರುತ್ತದೋ ಹಾಗೆ. ಇಲಾಖೆಗಳನ್ನು ಹಂಚುವ ಅಧಿಕಾರ ಅಧ್ಯಕ್ಷರದೇ ಆದ್ದರಿಂದ ಎದುರಾಳಿಗಳು ಬಹುತೇಕ ಖಾತೆಯಿಲ್ಲದವರಾಗಿಯೇ ಉಳಿಯುತ್ತಾರೆ, ಆದರೂ ಕಡತ ಅವರ ಕಣ್ಣು ತಪ್ಪಿಸಿ ಸಾಗುವುದು ಕಷ್ಟ. ಈ ಏರ್ಪಾಟನ್ನು ಬದಲಾಯಿಸಬೇಕೆಂಬ ಮಾತು ಪೋರ್ಚುಗಲ್ಲಿನಲ್ಲಿ ಆಗಾಗ ಏಳುತ್ತದೆ. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರಿಗೆ ಇದು ಕೆಟ್ಟ ಏರ್ಪಾಟಲ್ಲ ಎಂದು ನನಗೆ ತೋರುತ್ತದೆ.

ಅಸೆಂಬ್ಲೆಯಾದ ರಚನೆ ಇದಕ್ಕಿಂತ ಸರಳ. ನೇರವಾಗಿ ಆಯ್ಕೆಯಾದವರ ಸಂಖ್ಯೆ ಕಾಮರದ ಸದಸ್ಯರ ಸಂಖ್ಯೆಯ ಮೂರರಷ್ಟಕ್ಕಿಂತ ಕಡಿಮೆ ಇರಬಾರದು. ಜೊತೆಗೆ ಪ್ರತಿ ಫ್ರೆಗೆಜಿಯಾದ ಅಧ್ಯಕ್ಷರೂ ತಮ್ಮ ಹುದ್ದೆಯ ಬಲದಿಂದಲೇ ಸದಸ್ಯರು. ಪೋವುವಾ ಇ ಮೆಯಾದಾಸಿನ ಬೀದಿದೀಪ ಕೆಟ್ಟರೆ ಅದನ್ನು ಕೊನ್ಸೆಲ್ಯುವಿನ ಸಭೆಯಲ್ಲಿ ಕೇಳಲು ಆ ಹಳ್ಳಿಯ ಅಧ್ಯಕ್ಷರಿಗೆ ಕುರ್ಚಿ ಖಾಯಂ ಎಂಬುದು ಇದರ ಫಲ. ಇನ್ನೊಂದು ಕಟ್ಟಳೆ: 2005ರ ಕಾನೂನಿನ ಪ್ರಕಾರ ಕಾಮರದ ಅಧ್ಯಕ್ಷರಾಗಲಿ ಫ್ರೆಗೆಜಿಯಾದ ಅಧ್ಯಕ್ಷರಾಗಲಿ ಸತತವಾಗಿ ಮೂರು ಅವಧಿಗಿಂತ ಹೆಚ್ಚು ಕಾಲ ಅದೇ ಕುರ್ಚಿಯಲ್ಲಿ ಇರುವಂತಿಲ್ಲ.

ಕಾಮರ ಮಾಡುವ ಕೆಲಸಗಳ ಪಟ್ಟಿ ಉದ್ದವಾದರೂ ವಿಸ್ಮಯಕರವಲ್ಲ: ಕುಡಿಯುವ ನೀರು, ಚರಂಡಿ, ಕಸ, ಸ್ಥಳೀಯ ರಸ್ತೆ, ಶಾಲಾ ಕಟ್ಟಡ, ಶಾಲಾ ಮಕ್ಕಳ ವಾಹನ, ಸ್ಮಶಾನ, ಮನೆ ಕಟ್ಟುವ ಪರವಾನಗಿ. ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಹೊಲ ಹೊಲವಾಗಿಯೇ ಇರಬೇಕು ಎಂದು ನಿರ್ಧರಿಸುವ ಮಹಾಯೋಜನೆಯನ್ನೂ ಪ್ರತಿ ಕೊನ್ಸೆಲ್ಯು ತನಗೆ ತಾನೇ ರೂಪಿಸಿಕೊಳ್ಳಬೇಕು. 2018ರ ಕಾನೂನೊಂದು ಶಿಕ್ಷಣ, ಆರೋಗ್ಯ, ಸಮಾಜ ಕಲ್ಯಾಣದ ಹಲವು ಹೊಣೆಗಳನ್ನು ಕೇಂದ್ರದಿಂದ ಕಾಮರಗಳಿಗೆ ದಾಟಿಸಿತು. ಹೊಣೆಯ ಜೊತೆ ಸಾಕಷ್ಟು ಹಣ ಬರಲಿಲ್ಲ ಎಂಬ ದೂರು ಅಂದಿನಿಂದಲೂ ಇದೆ.

ಹಣದ ಮೂಲಗಳಲ್ಲಿ ಮೊದಲನೆಯದು ಆಸ್ತಿ ತೆರಿಗೆ. ಕಟ್ಟಡಗಳ ಮೇಲಿನ ತೆರಿಗೆಯ ದರವನ್ನು ಶೇ. 0.3ರಿಂದ 0.45ರ ನಡುವೆ ಎಲ್ಲಿಡಬೇಕು ಎಂಬುದು ಆಯಾ ಕೊನ್ಸೆಲ್ಯುವಿನ ತೀರ್ಮಾನ. ಅಲ್ಲಿ ವಾಸಿಸುವವರು ಕಟ್ಟುವ ಆದಾಯ ತೆರಿಗೆಯಲ್ಲಿ ಶೇ. 5ರವರೆಗಿನ ಪಾಲೂ ಕೊನ್ಸೆಲ್ಯುವಿಗೆ ಸೇರುತ್ತದೆ. ಬೇಕಿದ್ದರೆ ಆ ಪಾಲಿನಲ್ಲಿ ಒಂದಷ್ಟನ್ನು ನಿವಾಸಿಗಳಿಗೇ ಬಿಟ್ಟುಕೊಡಬಹುದು, ನಮ್ಮಲ್ಲಿಗೆ ಬಂದು ನೆಲೆಸಿದರೆ ತೆರಿಗೆ ಕಡಿಮೆ ಎಂದು ಜನರನ್ನು ಸೆಳೆಯಬಹುದು. ಕಂಪನಿಗಳ ಲಾಭದ ಮೇಲೆ ಶೇ. 1.5ರವರೆಗೆ ಹೆಚ್ಚುವರಿ ತೆರಿಗೆ ಹಾಕಲೂ ಅವಕಾಶವಿದೆ. ಆದರೆ ಲಿಸ್ಬನ್ನಿನಲ್ಲಿ ಕೋಟಿಗಟ್ಟಲೆ ತರುವ ಇದೇ ದರಗಳು, ಖಾಲಿ ಮನೆಗಳೂ ಬೆರಳೆಣಿಕೆಯ ಕಂಪನಿಗಳೂ ಇರುವ ಗಡಿನಾಡಿನ ಪುಟ್ಟ ಕೊನ್ಸೆಲ್ಯುವಿನಲ್ಲಿ ಏನನ್ನು ತಂದಾವು? ಇಂಥ ಕಡೆ ಬೊಕ್ಕಸ ನಿಂತಿರುವುದು ಮುಖ್ಯವಾಗಿ ಕೇಂದ್ರದ ಸಮತೋಲನ ನಿಧಿಯಿಂದ ಬರುವ ಹಣದ ಮೇಲೆ ಮತ್ತು ಐರೋಪ್ಯ ಒಕ್ಕೂಟದ ಯೋಜನೆಗಳ ಮೇಲೆ.

ಮೇಲಿನ ಹಂತ ಯಾವುದು ಎಂದು ಕೇಳಿದರೆ ಉತ್ತರ ವಿಚಿತ್ರವಾಗಿದೆ: ಮುಖ್ಯಭೂಮಿಯಲ್ಲಿ ಕೊನ್ಸೆಲ್ಯು ಮತ್ತು ರಾಷ್ಟ್ರ ಸರ್ಕಾರದ ನಡುವೆ ಜನರು ಆರಿಸಿದ ಇನ್ನೊಂದು ಸರ್ಕಾರವೇ ಇಲ್ಲ. ಹದಿನೆಂಟು ಜಿಲ್ಲೆಗಳ ಹೆಸರು ನಕಾಶೆಯಲ್ಲಿ ಉಳಿದಿದೆ. ಕಾಸ್ತೆಲೊ ದೆ ವೀದೆ ಪೋರ್ತಾಲೆಗ್ರೆ ಜಿಲ್ಲೆಗೆ ಸೇರಿದೆ ಎಂದೂ ಹೇಳುತ್ತಾರೆ. ಆದರೆ ಜಿಲ್ಲೆಗೆ ಸರ್ಕಾರ ನೇಮಿಸುತ್ತಿದ್ದ ಗವರ್ನರುಗಳ ಹುದ್ದೆ 2011ರಲ್ಲಿ ಖಾಲಿ ಬಿದ್ದದ್ದು ಮತ್ತೆ ತುಂಬಲಿಲ್ಲ. ದೇಶವನ್ನು ಪ್ರಾಂತಗಳಾಗಿ ವಿಂಗಡಿಸಿ ಪ್ರಾಂತ ಸರ್ಕಾರಗಳನ್ನು ರಚಿಸುವ ಪ್ರಸ್ತಾಪವನ್ನು 1998ರ ನವೆಂಬರಿನ ಜನಮತಗಣನೆಯಲ್ಲಿ ಮತದಾರರು ತಳ್ಳಿಹಾಕಿದರು. ಅಸೋರೆಸ್ ಮತ್ತು ಮದೀರಾಗಳಿಗೆ ಮಾತ್ರ ಸ್ವಂತ ಸರ್ಕಾರಗಳಿವೆ. ಉಳಿದಂತೆ ನೆರೆಹೊರೆಯ ಕೊನ್ಸೆಲ್ಯುಗಳು ಕೂಡಿಕೊಂಡು ಕಟ್ಟಿಕೊಂಡ ಒಕ್ಕೂಟಗಳಿವೆ; ಅಲೆಂತೆಜುವಿನ ಮೇಲ್ಭಾಗದ ಹದಿನೈದು ಕೊನ್ಸೆಲ್ಯುಗಳ ಒಕ್ಕೂಟದಲ್ಲಿ ಕಾಸ್ತೆಲೊ ದೆ ವೀದೆ ಒಂದು.

ಈ ವ್ಯವಸ್ಥೆ ಇಂದಿನ ರೂಪಕ್ಕೆ ಬರಲು ಏಳೆಂಟು ಶತಮಾನಗಳೇ ಹಿಡಿದವು. ಮಧ್ಯಯುಗದಲ್ಲಿ ದೊರೆಗಳು ಊರುಗಳಿಗೆ 'ಫೊರಾಲ್' ಎಂಬ ಸನ್ನದು ಕೊಡುತ್ತಿದ್ದರು. ಯಾವ ತೆರಿಗೆ ಎಷ್ಟು, ಯಾವ ತಪ್ಪಿಗೆ ಎಷ್ಟು ದಂಡ, ಊರವರು ತಮ್ಮ ನ್ಯಾಯಾಧಿಕಾರಿಯನ್ನು ಹೇಗೆ ಆರಿಸಿಕೊಳ್ಳಬೇಕು ಎಂದು ಅದರಲ್ಲಿ ಬರೆದಿರುತ್ತಿತ್ತು. ಗಡಿಯ ಊರುಗಳಿಗೆ ಇಂಥ ಸವಲತ್ತು ಕೊಡುವುದರಲ್ಲಿ ದೊರೆಯ ಲಾಭವೂ ಇತ್ತು: ಹೆದರಿಕೆಯ ಸೀಮೆಯಲ್ಲಿ ಒಕ್ಕಲು ನಿಲ್ಲಬೇಕಾದರೆ ಏನಾದರೂ ಆಸೆ ತೋರಿಸಬೇಕಿತ್ತು. ಕಾಸ್ತೆಲೊ ದೆ ವೀದೆಯ ಕೋಟೆಗೆ ರೂಪ ಕೊಟ್ಟವನು ದೊರೆ ದಿನಿಶ್; ಅದೇ ದೊರೆಯ ಕಾಲದಲ್ಲಿ, 1297ರಲ್ಲಿ, ಇಂದಿನ ಸ್ಪೇನಿನಲ್ಲಿದ್ದ ಕಾಸ್ತೀಲ್ ರಾಜ್ಯದೊಡನೆ ಆದ ಆಲ್ಕಾನೀಸಿಶ್ ಒಪ್ಪಂದ ಗಡಿಯನ್ನು ಬಹುಮಟ್ಟಿಗೆ ಇಂದಿನಂತೆ ನಿಲ್ಲಿಸಿತು. ಕೋಟೆಯ ಗೋಡೆಯೊಳಗೆ ಪುಟ್ಟ ಹಳೆಯ ಊರೊಂದು ಹಾಗೇ ಉಳಿದಿದೆ. ಅದರ ಕೆಳಗೆ, ಇಳಿಜಾರಿನಲ್ಲಿ, ಯಹೂದಿಗಳ ಕೇರಿ.

ಆ ಕೇರಿಯಲ್ಲಿ ಬೀದಿಗಳು ಎರಡು ಆಳು ಜೊತೆಯಾಗಿ ನಡೆಯುವಷ್ಟು ಕಿರಿದು, ಮೆಟ್ಟಿಲಿಳಿದಂತೆ ಕಡಿದು. ಸುಣ್ಣ ಬಳಿದ ಗೋಡೆಗಳಲ್ಲಿ ಗ್ರಾನೈಟಿನ ಬಾಗಿಲುವಾಡಗಳು ಮೇಲೆ ಚೂಪಾಗಿ ಕೂಡುತ್ತವೆ. ಕೆಲವು ಬಾಗಿಲುಗಳ ಬಲಗಂಬದಲ್ಲಿ ಬೆರಳುದ್ದದ ತೋಡು ಕಾಣುತ್ತದೆ, ಧರ್ಮಗ್ರಂಥದ ಸಾಲುಗಳನ್ನು ಬರೆದ ಸುರುಳಿಯನ್ನು ಯಹೂದಿ ಮನೆಯವರು ಇಡುತ್ತಿದ್ದ ಜಾಗ. ಪ್ರಾರ್ಥನಾ ಮಂದಿರ ಹೊರಗಿನಿಂದ ಮನೆಯಂತೆಯೇ ಇದೆ. ಒಳಗೆ ಗೋಡೆಗೆ ಸೇರಿಸಿ ಕಟ್ಟಿದ, ಸುರುಳಿಗಳನ್ನಿಡುವ ಕಲ್ಲಿನ ಗೂಡು. ಈಗ ಅದು ಕಾಮರ ನೋಡಿಕೊಳ್ಳುವ ವಸ್ತುಸಂಗ್ರಹಾಲಯ. ಇಳಿಜಾರಿನ ಬುಡದಲ್ಲಿ ಹದಿನಾರನೆಯ ಶತಮಾನದ ಊರಕಾರಂಜಿ: ಆರು ಅಮೃತಶಿಲೆಯ ಕಂಬಗಳ ಮೇಲೆ ಗೋಪುರದಂಥ ಚಾವಣಿ, ನಡುವಿನಲ್ಲಿ ನಾಲ್ಕು ಬಾಯಿಗಳಿಂದ ನೀರು.

1492ರಲ್ಲಿ ಸ್ಪೇನಿನ ದೊರೆಗಳು ಯಹೂದಿಗಳನ್ನು ಹೊರಹಾಕಿದಾಗ ಗಡಿ ದಾಟಿ ಬಂದವರಿಂದ ಈ ಕೇರಿ ತುಂಬಿತು. ಐದು ವರ್ಷ ಕಳೆಯುವುದರೊಳಗೆ ಪೋರ್ಚುಗಲ್ಲಿನ ದೊರೆ ಮನುಯೆಲ್ ಅವರನ್ನೆಲ್ಲ ಬಲವಂತದಿಂದ ಕ್ರೈಸ್ತರನ್ನಾಗಿಸಿದ. ಅಂಥ ಒಂದು ನಿರಾಶ್ರಿತ ಕುಟುಂಬದಲ್ಲಿ 1500ರ ಆಸುಪಾಸಿನಲ್ಲಿ ಹುಟ್ಟಿದವನು ಗಾರ್ಸಿಯಾ ದ ಓರ್ತಾ. ಸಲಮಾಂಕಾ ಮತ್ತು ಆಲ್ಕಲಾದಲ್ಲಿ ವೈದ್ಯ ಕಲಿತು, ಹುಟ್ಟೂರಿನಲ್ಲೇ ಕೆಲಕಾಲ ವೈದ್ಯನಾಗಿದ್ದು, 1534ರಲ್ಲಿ ಗೋವೆಗೆ ಬಂದ. ಮಲಬಾರಿನ ಮೆಣಸಿನಿಂದ ಹಿಡಿದು ಹಲಸು, ಮಾವು, ಅಫೀಮಿನವರೆಗೆ ಇಲ್ಲಿನ ಸರಕುಗಳನ್ನು ಕುರಿತು ಸಂಭಾಷಣೆಯ ರೂಪದಲ್ಲಿ ಅವನು ಬರೆದ ಪುಸ್ತಕ 1563ರಲ್ಲಿ ಗೋವೆಯಲ್ಲೇ ಅಚ್ಚಾಯಿತು. ನಡುನಡುವೆ ಬಿಜಾಪುರದ ಆದಿಲ್ ಶಾಹಿಗಳೂ ಅಹಮದ್‌ನಗರದ ನಿಜಾಮ್ ಶಾಹಿಗಳೂ ಅದರಲ್ಲಿ ಬಂದು ಹೋಗುತ್ತಾರೆ. ಅವನು 1568ರಲ್ಲಿ ಸತ್ತ. ಮರುವರ್ಷವೇ ಅವನ ತಂಗಿ ಕತಾರೀನಾಳನ್ನು ಗುಟ್ಟಾಗಿ ಯಹೂದಿ ಧರ್ಮ ಆಚರಿಸಿದ ಆರೋಪದ ಮೇಲೆ ಗೋವೆಯ ಇನ್‌ಕ್ವಿಸಿಷನ್ ಎಂಬ ಚರ್ಚ್ ನ್ಯಾಯಮಂಡಳಿ ಸುಟ್ಟಿತು. 1580ರಲ್ಲಿ ಅವನ ಮೂಳೆಗಳನ್ನೂ ಅಗೆದು ತೆಗೆದು ಸುಟ್ಟರು. ಪಣಜಿಯ ಮುನಿಸಿಪಲ್ ಉದ್ಯಾನಕ್ಕೆ ಇಂದು ಅವನ ಹೆಸರಿದೆ.

ಕೊನ್ಸೆಲ್ಯುವಿನ ಕಥೆಗೆ ಮರಳಿದರೆ, ಹತ್ತೊಂಬತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ ಫೊರಾಲ್‌ಗಳ ಕಾಡು ಬೆಳೆದಿತ್ತು. ದೇಶದಲ್ಲಿ ಎಂಟು ನೂರಕ್ಕೂ ಹೆಚ್ಚು ಕೊನ್ಸೆಲ್ಯುಗಳಿದ್ದವು. ಕೆಲವು ನಾಲ್ಕಾರು ಹಳ್ಳಿಗಳಷ್ಟೇ. ಒಂದೂರಿನ ತೆರಿಗೆ ಮಗ್ಗುಲೂರಿನಲ್ಲಿರಲಿಲ್ಲ. ಒಬ್ಬನೇ ಅಧಿಕಾರಿ ಬೆಳಗ್ಗೆ ಆಡಳಿತ ನಡೆಸಿ ಮಧ್ಯಾಹ್ನ ನ್ಯಾಯ ಹೇಳುತ್ತಿದ್ದ. ಇದಕ್ಕೆ ಕತ್ತರಿ ಹಾಕಿದವನು ಮೊಜೀನ್ಯು ದಾ ಸಿಲ್ವೈರಾ, 1780ರಲ್ಲಿ ಕಾಸ್ತೆಲೊ ದೆ ವೀದೆಯಲ್ಲಿ ಹುಟ್ಟಿದ ವಕೀಲ. ಸಿಂಹಾಸನಕ್ಕಾಗಿ ಅಣ್ಣತಮ್ಮಂದಿರ ನಡುವೆ ನಡೆದ ಯುದ್ಧದಲ್ಲಿ ಉದಾರವಾದಿಗಳ ನಾಯಕ ದೊಮ್ ಪೆದ್ರುವಿನ ಹಣಕಾಸು ಮಂತ್ರಿಯಾಗಿದ್ದ ಅವನು, ಲಿಸ್ಬನ್ ಇನ್ನೂ ಶತ್ರುಗಳ ಕೈಯಲ್ಲಿರುವಾಗಲೇ ಅಸೋರೆಸ್ ದ್ವೀಪಗಳಲ್ಲಿ ಕುಳಿತು ದೇಶದ ಕಾನೂನುಗಳನ್ನು ಹೊಸದಾಗಿ ಬರೆದ. 1832ರ ಮೇ 16ರ ಮೂರು ಆದೇಶಗಳು ಹಣಕಾಸು, ಆಡಳಿತ, ನ್ಯಾಯ ಈ ಮೂರನ್ನೂ ಬೇರೆ ಬೇರೆ ಮಾಡಿದವು. ಅದೇ ವರ್ಷ ಬೆಳೆಯ ಹತ್ತನೆಯ ಒಂದು ಪಾಲನ್ನು ಚರ್ಚಿಗೆ ಸಲ್ಲಿಸುವ ಕಟ್ಟಳೆಯೂ ಫೊರಾಲ್‌ಗಳ ಹಳೆಯ ಹಕ್ಕುಗಳೂ ರದ್ದಾದವು.

ಅವನ ಯೋಜನೆ ಫ್ರಾನ್ಸಿನ ಮಾದರಿಯದು: ಮೇಲಿನಿಂದ ನೇಮಕವಾದ ಅಧಿಕಾರಿ ಪ್ರತಿ ಕೊನ್ಸೆಲ್ಯುವಿನ ಮೇಲೆ. ಊರವರಿಗೆ ಇದು ರುಚಿಸಲಿಲ್ಲ, ಕೆಲವೇ ವರ್ಷಗಳಲ್ಲಿ ಅದನ್ನು ಸಡಿಲಿಸಬೇಕಾಯಿತು. ಆದರೆ ಆಡಳಿತ ಬೇರೆ, ನ್ಯಾಯ ಬೇರೆ ಎಂಬ ತತ್ತ್ವ ಉಳಿಯಿತು. 1836ರಲ್ಲಿ ಪಾಸುಶ್ ಮನುಯೆಲ್‌ನ ಸರ್ಕಾರ ಕೊನ್ಸೆಲ್ಯುಗಳ ಸಂಖ್ಯೆಯನ್ನು 817ರಿಂದ 351ಕ್ಕೆ ಇಳಿಸಿತು. ಇಂದಿನ 308ರ ನಕಾಶೆ ಮೊದಲಾಗುವುದು ಅಲ್ಲಿಂದ.

ಮೊಜೀನ್ಯುವಿನ ಉಯಿಲಿನಲ್ಲಿ ಒಂದು ಸಂಗತಿಯಿದೆ. ಅವನು ಮಂತ್ರಿಯಾಗಿದ್ದಾಗ ಅಸೋರೆಸಿನ ಅತಿ ಚಿಕ್ಕ ದ್ವೀಪವಾದ ಕೋರ್ವುವಿನ ಬಡ ರೈತರ ಮೇಲಿನ ಗೋಧಿಯ ಕಪ್ಪವನ್ನು ಇಳಿಸಿದ್ದ. ಅವರು ಆ ಉಪಕಾರವನ್ನು ಮರೆಯಲಿಲ್ಲವೆಂದು ತನ್ನನ್ನು ಅಲ್ಲಿ ಮಣ್ಣು ಮಾಡಬೇಕು, ಅದಾಗದಿದ್ದರೆ ಮಾರ್ಜೆಂ ಎಂಬ ಅಲೆಂತೆಜುವಿನ ಹಳ್ಳಿಯಲ್ಲಿ ಮಾಡಬೇಕು, ಬದುಕಿದ್ದಾಗ ಕೃತಜ್ಞತೆ ತೋರಿಸಿದವರ ನಡುವೆಯೇ ಸತ್ತ ಮೇಲೂ ಇರಬೇಕೆನಿಸುತ್ತದೆ ಎಂಬ ಅರ್ಥದಲ್ಲಿ ಬರೆದ. ಕೊನೆಗೆ ಮಾರ್ಜೆಂ ಅವನ ಪಾಲಿಗೆ ಬಂತು. ಆ ಕೋರ್ವು ಇಂದು ದೇಶದಲ್ಲೇ ಅತಿ ಕಡಿಮೆ ಜನರ ಕೊನ್ಸೆಲ್ಯು: ನಾನೂರಕ್ಕೂ ಕಡಿಮೆ ನಿವಾಸಿಗಳು, ಒಳಗೆ ಒಂದೂ ಫ್ರೆಗೆಜಿಯಾ ಇಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಸಲಾಜಾರನ ಸರ್ವಾಧಿಕಾರ ಕೊನ್ಸೆಲ್ಯುಗಳ ಹೆಸರನ್ನೂ ಗಡಿಯನ್ನೂ ಉಳಿಸಿಕೊಂಡು ಜೀವವನ್ನು ತೆಗೆದುಬಿಟ್ಟಿತು. ಕಾಮರದ ಅಧ್ಯಕ್ಷರನ್ನು ಲಿಸ್ಬನ್ನಿನ ಸರ್ಕಾರವೇ ನೇಮಿಸುತ್ತಿತ್ತು. ಅದು ಮುಗಿದದ್ದು 1974ರ ಏಪ್ರಿಲ್ 25ರಂದು. ಆ ನಸುಕಿನಲ್ಲಿ ಸಾಂತಾರೆಯಿಂನ ಅಶ್ವದಳ ಶಾಲೆಯಿಂದ ಸೈನಿಕರ ಸಾಲನ್ನು ಲಿಸ್ಬನ್ನಿಗೆ ತಂದು, ಸಂಜೆಯ ಹೊತ್ತಿಗೆ ಕಾರ್ಮು ಠಾಣೆಯಲ್ಲಿ ಅಡಗಿದ್ದ ಪ್ರಧಾನಿ ಮಾರ್ಸೆಲು ಕಾಯ್ತಾನು ಶರಣಾಗುವಂತೆ ಮಾಡಿದ ಕ್ಯಾಪ್ಟನ್ ಸಾಲ್ಗೈರು ಮಾಯಾ, 1944ರಲ್ಲಿ ಕಾಸ್ತೆಲೊ ದೆ ವೀದೆಯಲ್ಲಿ ಹುಟ್ಟಿದವನು. ಕ್ರಾಂತಿಯ ನಂತರ ಅವನು ಯಾವ ಅಧಿಕಾರದ ಕುರ್ಚಿಯ ಹಿಂದೆಯೂ ಹೋಗಲಿಲ್ಲ; 1992ರಲ್ಲಿ ನಲವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಹುಟ್ಟೂರಿನ ಸ್ಮಶಾನದಲ್ಲಿ ಆಡಂಬರವಿಲ್ಲದೆ ಮಣ್ಣಾದ. ಕೊನ್ಸೆಲ್ಯುಗಳಿಗೆ ಮೊದಲ ಮುಕ್ತ ಚುನಾವಣೆ ನಡೆದದ್ದು 1976ರ ಡಿಸೆಂಬರ್ 12ರಂದು. ಕೋಟೆಯಲ್ಲಿ ಅವನ ನೆನಪಿನ ಸಂಗ್ರಹಾಲಯ 2021ರಲ್ಲಿ ತೆರೆಯಿತು.

ಆರಿಸುವ ಹಕ್ಕು ಬಂದಿತು, ಆರಿಸುವ ಜನ ಕಡಿಮೆಯಾದರು. ಒಳನಾಡಿನ ಎಲ್ಲ ಕೊನ್ಸೆಲ್ಯುಗಳ ಕಥೆಯೂ ಇದೇ: ದುಡಿಯುವ ವಯಸ್ಸಿನವರು ಲಿಸ್ಬನ್ನಿಗೋ ಫ್ರಾನ್ಸಿಗೋ ಹೋದರು, ಉಳಿದವರಿಗೆ ವಯಸ್ಸಾಯಿತು. 2011ರಲ್ಲಿ ಸುಮಾರು 3,400 ಇದ್ದ ಜನಸಂಖ್ಯೆ 2021ರ ಗಣತಿಯಲ್ಲಿ ಸುಮಾರು 3,100ಕ್ಕೆ ಇಳಿಯಿತು. ಲಿಸ್ಬನ್ನನ್ನೂ ಮಾದ್ರಿದ್ದನ್ನೂ ಬೆಸೆಯುತ್ತಿದ್ದ ರೈಲುದಾರಿ ಈ ಕೊನ್ಸೆಲ್ಯುವಿನ ಮೂಲಕ ಹಾದುಹೋಗುತ್ತಿತ್ತು. 2012ರಲ್ಲಿ ಅದನ್ನು ಮುಚ್ಚಿದರು, ಪಟ್ಟಣದಿಂದ ಕೆಲವು ಕಿಲೋಮೀಟರ್ ದೂರದ ನಿಲ್ದಾಣದಲ್ಲಿ ಈಗ ರೈಲು ನಿಲ್ಲುವುದಿಲ್ಲ. ಮತದಾರರ ಸಂಖ್ಯೆ ಎಷ್ಟು ಕುಗ್ಗಿದರೂ ಕಾಮರದ ಐದು ಕುರ್ಚಿಗಳು ಐದೇ. ನೀರಿನ ಕೊಳವೆಯ ಉದ್ದವೂ ರಸ್ತೆಯ ಉದ್ದವೂ ಅಷ್ಟೇ. ತಲಾ ಖರ್ಚು ಏರುತ್ತಲೇ ಹೋಗುತ್ತದೆ. ಹೀಗಿರುವಾಗ ಚಿಕ್ಕ ಕೊನ್ಸೆಲ್ಯುಗಳನ್ನು ಒಂದುಗೂಡಿಸಬಾರದೇಕೆ ಎಂದು ಹಲವರು ಕೇಳುತ್ತಾರೆ. 2013ರಲ್ಲಿ ಫ್ರೆಗೆಜಿಯಾಗಳನ್ನು ಮುಟ್ಟಿದ ಸರ್ಕಾರವೂ ಕೊನ್ಸೆಲ್ಯುಗಳನ್ನು ಮುಟ್ಟಲಿಲ್ಲ.

ಏಕೆ ಮುಟ್ಟಲಿಲ್ಲ ಎಂಬುದು ಈಸ್ಟರಿನ ಹೊತ್ತಿಗೆ ಇಲ್ಲಿರುವವರಿಗೆ ತಾನಾಗಿ ತಿಳಿಯುತ್ತದೆ. ಹಬ್ಬದ ಹಿಂದಿನ ಶನಿವಾರ ಬೆಳಗ್ಗೆ ಸುತ್ತಲಿನ ಕುರುಬರು ಕುರಿಮರಿಗಳನ್ನು ಪಟ್ಟಣದ ಚೌಕಕ್ಕೆ ಹೊಡೆದುಕೊಂಡು ಬರುತ್ತಾರೆ. ಸಾಂತಾ ಮರಿಯಾ ದಾ ದೆವೆಜಾ ಚರ್ಚಿನ ಮುಂದೆ ಪಾದ್ರಿ ಅವುಗಳ ಮೇಲೆ ತೀರ್ಥ ಚಿಮುಕಿಸುತ್ತಾರೆ. ರಾತ್ರಿ ಚರ್ಚಿನಲ್ಲಿ ಅಲ್ಲೆಲೂಯಾ ಕೂಗಿದೊಡನೆ ಹೊರಗೆ ಕಾದು ನಿಂತವರೆಲ್ಲ ದನ ಕುರಿಗಳ ಕೊರಳ ಗಂಟೆಗಳನ್ನು ಎರಡೂ ಕೈಗಳಲ್ಲಿ ಹಿಡಿದು ಬಾರಿಸುತ್ತಾ ಬೀದಿ ಬೀದಿ ಸುತ್ತುತ್ತಾರೆ. ಮುದುಕರಿಂದ ಹಿಡಿದು ರಜೆಗೆ ಬಂದ ಮೊಮ್ಮಕ್ಕಳವರೆಗೆ ಎಲ್ಲರ ಕೈಯಲ್ಲೂ ಗಂಟೆ. ಪೋರ್ಚುಗಲ್ಲಿನ ಪ್ರತಿ ಕೊನ್ಸೆಲ್ಯುವಿಗೂ ವರ್ಷದಲ್ಲಿ ಒಂದು ದಿನ ತನ್ನದೇ ಆದ ರಜೆ ಇರುತ್ತದೆ. ಪೋರ್ತಾಲೆಗ್ರೆ ತಾನು ನಗರವಾದ ಮೇ 23ನ್ನು ಇಟ್ಟುಕೊಂಡಿದೆ. ಕಾಸ್ತೆಲೊ ದೆ ವೀದೆಯ ರಜೆ ಈಸ್ಟರ್ ಮುಗಿದ ಮರುದಿನದ ಸೋಮವಾರ. ಅಂದು ರಾಷ್ಟ್ರೀಯ ರಜೆಯಿಲ್ಲ, ಲಿಸ್ಬನ್ನಿನ ಕಚೇರಿಗಳು ಎಂದಿನಂತೆ ತೆರೆದಿರುತ್ತವೆ, ಇಲ್ಲಿನ ಕಾಮರದ ಬಾಗಿಲು ಮುಚ್ಚಿರುತ್ತದೆ.